ಅಪ್ಪ ಅರ ತಿಕ್ಕಿದ ಗ್ರಾಫಿಕ್ಸ್ ಕಾರ್ಡ್

ನನ್ನ ಮುದ್ದು ಹೊಸ ಗಂಡ ಇವತ್ತು ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಬಿಚ್ಚಿದ. ಹೊಸ ಕಾರ್ಡಿನ ವಾಸನೆ ಬಂದಿದ್ದೇ ತಡ, ನಾನು ಭದ್ರಾವತಿ ನ್ಯೂ ಟೌನಿನ ನಮ್ಮ ಹಳೇ ಕ್ವಾರ್ಟರ್ಸಿನಲ್ಲಿದ್ದೆ!

ತಮ್ಮ ವಿನುವಿಗೆ ಕಿಡ್ನಿ ಕಾಯಿಲೆ. ಹೊರಗೆ ಆಡಲಾಗದವನಿಗೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಆಸೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಆ ಆಟಕ್ಕೆ ಬೇಕೆಂದು ಶಿವಮೊಗ್ಗದಿಂದ ಇದ್ದುದರಲ್ಲೇ ಅಗ್ಗದ ಕಾರ್ಡ್ ತಂದರು. ಅದು ಕಂಪ್ಯೂಟರಿನ ಸ್ಲಾಟಿನಲ್ಲಿ ಕೂರಲಿಲ್ಲ.

"ಬದಲಾಯಿಸ್ಕೊಂಡು ಬನ್ನಿ ರೀ" ಎಂದಳು ಅಮ್ಮ.

"ಕೂರದ್ದನ್ನ ಕೂರಿಸೋದೇ ಫಿಟ್ಟರ್ ಕೆಲಸ ಮಾರಾಯ್ತಿ!" ಎಂದ ಅಪ್ಪ, ಕಬ್ಬಿಣ ಉಜ್ಜುವ ಅರ ತಂದು ಕಾರ್ಡಿನ ಅಂಚು ತಿಕ್ಕಿ ಒತ್ತಿದರು. ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರೇ ಸುಟ್ಟುಹೋಯಿತು.

"ಬಿಡಪ್ಪ, ಪಂಕ್ಚರ್ ಆಯ್ತು ಅಂದ್ಕೊಳ್ಳೋಣ" ಎಂದ ವಿನು.

ಅದು ರಿಪೇರಿಯಾಗಿ ಬರುವಷ್ಟರಲ್ಲಿ ವಿನು ಇರಲಿಲ್ಲ. ಅಪ್ಪ ಮನೆಯಲ್ಲಿ ಮತ್ತೆಂದೂ ಅರ ಮುಟ್ಟಲಿಲ್ಲ.

ಇವತ್ತು ನನ್ನ ಗಂಡನ ಕಾರ್ಡ್ ಟಕ್ಕೆಂದು ಕೂತಿತು. ಅವನು ಕಾರ್ ರೇಸ್ ಆಟ ಹಾಕಿದ. ಶುರುವಾಗುವ ಮುನ್ನ ಕಂಪ್ಯೂಟರ್ ಆಡುವವರ ಹೆಸರು ಕೇಳಿತು. ನಾನು 'ವಿನು' ಅಂತ ಟೈಪ್ ಮಾಡಿದೆ.