ಎರಡು ಗಂಟೆಯ ಗುಳಿಗೆ

ಮಡಂತ್ಯಾರಿನ ನೀಲಾವತಿಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲೇ ಇಲ್ಲ. ಬೀಡಿ ಕಟ್ಟುವಾಗಲೂ ನಾಲ್ಕು ಸಲ ಎದ್ದು ಒಲೆ ನೋಡುವವಳು. ಬಸ್ ಕಂಡಕ್ಟರ್ ಆಗಿರುವ ಗಂಡ ನೋಣಯ್ಯನಿಗೆ ಎದೆನೋವು ಬಂದ ಮೇಲಂತೂ ಕೇಳುವುದೇ ಬೇಡ.

ಮೂಡುಬಿದಿರೆಯ ಡಾಕ್ಟರು ಬರೆದದ್ದು ರಕ್ತನಾಳ ಸಡಿಲಿಸುವ ನೈಟ್ರೇಟ್ ಗುಳಿಗೆ. ಬೆಳಿಗ್ಗೆ ಏಳಕ್ಕೊಂದು, ಮಧ್ಯಾಹ್ನ ಎರಡಕ್ಕೊಂದು. ಎರಡು ಗಂಟೆಗೆ ನೋಣಯ್ಯ ಬೆಳ್ತಂಗಡಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿರುತ್ತಾನೆ. ಊಟವನ್ನೇ ಮರೆಯುವ ಮನುಷ್ಯ ಗುಳಿಗೆ ನುಂಗಿಯಾನೇ? ನೀಲಾವತಿಗೆ ನಂಬಿಕೆ ತನ್ನ ಕೈಯ ಮೇಲೆ ಮಾತ್ರ. ಮಧ್ಯಾಹ್ನದ್ದನ್ನು ರಾತ್ರಿ ಊಟಕ್ಕೆ ದೂಡಿ, ತಾನೇ ಎದುರು ನಿಂತು ನುಂಗಿಸತೊಡಗಿದಳು.

ಮೊದಲ ವಾರ ಅವನಿಗೆ ತಲೆ ಸಿಡಿಯುವ ನೋವು, ಎದೆ ಮಾತ್ರ ಹಗುರ. ಆಮೇಲೆ ತಲೆನೋವೂ ನಿಂತಿತು. ಮದ್ದು ಮೈಗೆ ಹಿಡಿಯಿತು ಎಂದು ಅವಳು ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು. ತಿಂಗಳಾಗುವಷ್ಟರಲ್ಲಿ ಅವನು ಮನೆಯ ಏರು ಹತ್ತುವಾಗ ಮತ್ತೆ ಎದೆ ಒತ್ತಿಕೊಂಡು ನಿಲ್ಲತೊಡಗಿದ. ಮರುದಿನವೇ ಅವಳು ಅವನನ್ನು ಮೂಡುಬಿದಿರೆಗೆ ಹೊರಡಿಸಿದಳು.

ಡಾಕ್ಟರು ಗುಳಿಗೆಯ ಹೊತ್ತು ವಿಚಾರಿಸಿ, ಪೆನ್ನು ಕೆಳಗಿಟ್ಟರು.

"ಬಸ್‌ಸ್ಟ್ಯಾಂಡಿನ ಅಂಗಡಿಯವನಿಗೆ ನಿಮ್ಮ ಬಸ್ಸಿನ ಹಾರ್ನ್ ಕೇಳ್ತದಾ ನೋಣಯ್ಯ? ಕಿವಿಗೆ ಅಭ್ಯಾಸ ಆಗಿರ್ತದೆ. ಹಗಲು ರಾತ್ರಿ ಈ ಮದ್ದು ಒಳಗೆ ಇದ್ದರೆ ರಕ್ತನಾಳವೂ ಹಾಗೆಯೇ, ಮತ್ತೆ ಅದರ ಮಾತು ಕೇಳುವುದಿಲ್ಲ. ರಾತ್ರಿ ಮೈಗೆ ಮದ್ದಿಲ್ಲದ ಹೊತ್ತು ಬೇಕು. ಅದಕ್ಕೇ ಎರಡು ಗಂಟೆ ಬರೆದದ್ದು. ರಾತ್ರಿಗೆ ಬದಲಾಯಿಸಿದ್ದು ಯಾರು?"

ನೀಲಾವತಿ ಕುರ್ಚಿಯಿಂದ ಅರ್ಧ ಎದ್ದಳು.

"ನಾನೇ ಡಾಕ್ಟ್ರೆ," ಎಂದ ನೋಣಯ್ಯ.

ಹೊರಗೆ ಬಂದದ್ದೇ ತಡ, ಯಾಕೆ ಸುಳ್ಳು ಹೇಳಿದ್ದು ಎಂದು ಅವಳು ಅವನ ಮೇಲೆ ಹರಿಹಾಯ್ದಳು. ಅಳುವೂ ಬಂತು.

"ನಿನ್ನ ಹೆಸರು ಹೇಳಿದ್ದರೆ ನೀನು ಅದೇ ಕೊರಗಿನಲ್ಲಿ ನಾಳೆಯಿಂದ ಊಟ ಬಿಡ್ತಿದ್ದೆ ಮಾರಾಯ್ತಿ," ಎಂದನವನು.

ಈಗ ಎರಡು ಗಂಟೆಗೆ ಊರು ದಾಟುವ ಅವನ ಬಸ್ಸಿಗೆ ಬಸ್‌ಸ್ಟಾಪಿನಲ್ಲಿ ಅವಳು ಒಂದೂವರೆಗೇ ಹಾಜರು. ಸೆರಗಿನ ತುದಿಯಲ್ಲಿ ಗುಳಿಗೆ, ಕೈಯಲ್ಲಿ ನೀರಿನ ಬಾಟ್ಲಿ. ಬಸ್ಸು ಐದು ನಿಮಿಷ ತಡವಾದರೆ ತಿರುವಿನವರೆಗೆ ನಡೆದು ಇಣುಕಿ ಬರುತ್ತಾಳೆ. ಅವನು ಏರಿನಲ್ಲಿ ನಿಲ್ಲುವುದು ಹದಿನೈದು ದಿನದಲ್ಲೇ ಕಡಿಮೆಯಾಯಿತು. ಆದರೂ ರಾತ್ರಿ ಊಟವಾದ ಮೇಲೆ ಅವಳ ಕೈ ತಾನಾಗಿ ಗುಳಿಗೆಯ ಡಬ್ಬಿಗೆ ಹೋಗುತ್ತದೆ. ಏನೂ ಕೊಡದೆ ಸುಮ್ಮನಿರುವುದು ಅವಳಿಗೆ ಇನ್ನೂ ಬಾರದ ಕೆಲಸ.

ಬಸ್ಸು ಬಂದು ನಿಲ್ಲುತ್ತದೆ. ಮೂವತ್ತು ವರ್ಷ ಜನರನ್ನು ಒಳಗೆ ಹೋಗಿ ಎಂದು ಗದರಿಸಿದ ಕಂಡಕ್ಟರು ಕೆಳಗಿಳಿದು ಗುಳಿಗೆ ನುಂಗುತ್ತಾನೆ. ಅವಳಿಗೆ ಅಷ್ಟು ಸಾಲದು. ತುಂಬಿದ ಬಸ್ಸಿನ ಎದುರೇ ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಬೇಕು. ತೋರಿಸುತ್ತಾನೆ. ಆಮೇಲೆಯೇ ವಿಸಿಲ್.