ಬಾಟಲಿ ಓದಿದ ಹುಡುಗಿ

ರಾಯಚೂರಿನ ಆ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ನನ್ನ ಮಾತೇ ಕಾನೂನು. ಬಫರ್ ದ್ರಾವಣದ ಪ್ರಯೋಗಕ್ಕೆ ಅಲ್ಲಿ ಒಂದೇ ಉತ್ತರ, ಪಿಎಚ್ 4.76. ಒಂದು ಲೀಟರಿಗೆ ಆರು ಗ್ರಾಂ ಅಸಿಟಿಕ್ ಆಮ್ಲ, 8.2 ಗ್ರಾಂ ಸೋಡಿಯಂ ಅಸಿಟೇಟ್. ಅಣುಗಳ ಎಣಿಕೆಯಲ್ಲಿ ಆಮ್ಲ, ಉಪ್ಪು ಎರಡೂ ಸಮ, ಲೆಕ್ಕ ಮುಗಿಯಿತು. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ನೋಡಿ ಜೂನಿಯರ್‌ಗಳು ಭಟ್ಟಿ ಇಳಿಸುತ್ತಿದ್ದರು, ನಾನು ಕಣ್ಣುಮುಚ್ಚಿ ಸಹಿ ಜಡಿಯುತ್ತಿದ್ದೆ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅರಕೇರಾದ ಹುಡುಗಿಯೊಬ್ಬಳು 4.54 ಎಂದು ಬರೆದಳು. ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಇದೊಂದು ಪಾಸಾದರೆ ಎಂಎಸ್ಸಿ ಸೀಟು ಅವಳದೇ ಎಂಬುದು ನನಗೂ ಗೊತ್ತಿತ್ತು. ಅವಳ ಹಾಳೆಯನ್ನು ಎಲ್ಲರೆದುರು ಎತ್ತಿ ಹಿಡಿದೆ. ಲೆಕ್ಕ ಬರದವಳು ಹತ್ತಿ ಬಿಡಿಸಲು ಹೋಗು, ಇಲ್ಲೇಕೆ ಬಂದೆ ಎಂದೆ. ಎಲ್ಲರೂ ಕಿಸಕ್ಕನೆ ನಕ್ಕರು. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

“ಸರ್, ಅಸಿಟೇಟಿನ ಹೊಸ ಬಾಟ್ಲಿ ಬ್ಯಾರೆ ಅದ ರೀ. ಇದರ ಹರಳಿನಾಗ ನೀರು ಸೇರ್ಯಾದ. ತೂಕದಾಗ ನೀರೂ ಬರ್ತದ, ಉಪ್ಪು ಕಮ್ಮಿ ಬೀಳ್ತದ,” ಎಂದಳು.

ಪಿಎಚ್ ಮೀಟರ್ ಕೂಡ ಅವಳ ಉತ್ತರವನ್ನೇ ತೋರಿಸುತ್ತಿತ್ತು. ಮೀಟರ್ ಕೆಟ್ಟಿದೆ ಎಂದು ಸ್ವಿಚ್ ಆರಿಸಿದೆ. ಅವಳನ್ನು ಫೇಲ್ ಮಾಡಿದೆ.

ಸಂಜೆ ಕಪಾಟು ಮುಚ್ಚುವಾಗ ಬಾಟಲಿ ತಿರುಗಿಸಿ ನೋಡಿದೆ. ಹಳೆಯದು ನೀರಿಲ್ಲದ ಉಪ್ಪು, ಅಣುತೂಕ 82. ಇದರ ಲೇಬಲ್ಲಿನಲ್ಲಿ 136 ಎಂದಿತ್ತು. ಅಲ್ಲೇ ನಿಂತು ಲೆಕ್ಕ ಹಾಕಿದೆ, 4.54 ಬಂತು. ಅಂಕಪಟ್ಟಿ ಇನ್ನೂ ನನ್ನ ಮೇಜಿನ ಮೇಲೇ ಇತ್ತು, ಒಂದು ಗೆರೆ ಎಳೆದು ತಿದ್ದಿದ್ದರೆ ಸಾಕಿತ್ತು. ಆದರೆ ಬೆಳಿಗ್ಗೆ ನಕ್ಕವರೆದುರು ನನ್ನ ಮುಖ ಎಲ್ಲಿಡಲಿ? ಹಾಗೇ ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ.

ಅವಳ ಸೀಟು ಬೇರೆಯವರಿಗೆ ಹೋಯಿತು. ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಪರೀಕ್ಷೆಗೆ ಬಂದಳು. ಅದೇ ಪ್ರಯೋಗ, ಅದೇ ಬಾಟಲಿ. ರೆಕಾರ್ಡಿನ ಉತ್ತರವನ್ನು ನಾನು ತಿದ್ದಿರಲಿಲ್ಲ. ಅವಳು ಲೇಬಲ್ ಓದಿದ್ದನ್ನು ಕಣ್ಣಾರೆ ಕಂಡೆ. ತೂಗಿದಳು, ಕರಗಿಸಿದಳು, ಮೀಟರಿನ ಕಡೆ ತಿರುಗಿಯೂ ನೋಡದೆ 4.76 ಎಂದು ಬರೆದಳು.

ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದಂತೆ ಅಂದೆ: “ಇದು ತಪ್ಪಲ್ಲೇನವಾ?”

“ಗೊತ್ತದ ರೀ ಸರ್. ಪಾಸ್ ಮಾಡ್ರಿ.”

ಪೂರ್ತಿ ಅಂಕ ಹಾಕಿ ಸಹಿ ಮಾಡಿದೆ.