ಹಾಲು ಉಕ್ಕಿಸಿ ಆಗಿದೆ

ಬಾಯಮ್ಮ ಕೈಗಡಿಯಾರವನ್ನು ಸ್ವೆಟರಿನ ತೋಳಿನ ಮೇಲೆ ಕಟ್ಟುತ್ತಿದ್ದರು. ತೀರಿಹೋದ ಗಂಡನ ಗಡಿಯಾರ, ಅಗಲವಾದ ಉಕ್ಕಿನ ಪಟ್ಟಿ. "ಚಳಿಗೆ ಆ ಕಬ್ಬಿಣ ಮೈಗೆ ತಾಗಿದ್ರೆ ಜೀವ ಹೋಗ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಜೂನ್ ಬಿಸಿಲಿನಲ್ಲೂ ಸ್ವೆಟರು ಬಿಡುತ್ತಿರಲಿಲ್ಲ. ಕಿಂಗ್ಸ್‌ಬರಿಯ ದೊಡ್ಡ ರಸ್ತೆಯಲ್ಲಿದ್ದ ತಮ್ಮ ಹಳೆಯ ಫ್ಲ್ಯಾಟಿನ ಬಾಗಿಲನ್ನು ಅವರು ನಮಗೆ ಮೊದಲ ಸಲ ತೆರೆದಾಗ ನನ್ನ ಕಣ್ಣು ಹೋದದ್ದು ಆ ತೋಳಿನ ಕಡೆಗೇ.

ಅವರು ಮನೆ ಮಾರುವವರು, ನಾವು ಕೊಳ್ಳಲು ಬಂದವರು. ನಾವಿದ್ದ ಬಾಡಿಗೆ ಮನೆಯ ಮಾಲೀಕ ಆಗಸ್ಟ್ ಕೊನೆಯೊಳಗೆ ಖಾಲಿ ಮಾಡಿ ಎಂದು ಕಾಗದ ಕಳಿಸಿದ್ದ. ಲಂಡನ್ನಿಗೆ ಬಂದ ಮೇಲೆ ನಮಗೆ ಅಂಥ ನಾಲ್ಕನೆಯ ಕಾಗದ ಅದು. ಇನ್ನೊಂದು ಬಾಡಿಗೆ ಮನೆಗೆ ಪೆಟ್ಟಿಗೆ ಹೊರುವುದು ನನ್ನ ಕೈಲಾಗದು ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ಹೀಗಾಗಿ ಎರಡನೆಯ ಮಹಡಿ, ಲಿಫ್ಟ್ ಇಲ್ಲ ಎಂದರೂ ನೋಡಲು ಹೋದೆವು. ಕೆಳಗೆ ಮೆಂತ್ಯ ಸೊಪ್ಪಿನ ಪೆಟ್ಟಿಗೆಗಳನ್ನು ಫುಟ್‌ಪಾತಿನವರೆಗೂ ಹರಡಿದ್ದ ತರಕಾರಿ ಅಂಗಡಿ, ಪಕ್ಕದಲ್ಲಿ ಬೆಳಗಿನಿಂದ ಜಿಲೇಬಿ ಕರಿಯುವ ಮಿಠಾಯಿ ಅಂಗಡಿ, ಎದುರಿಗೆ ಬಸ್ ಸ್ಟಾಪು. ಮೇಲೆ ಒಂದು ಮಲಗುವ ಕೋಣೆ, ಮಂಚ ಹಾಕಿದರೆ ಬಾಗಿಲು ಮುಚ್ಚಲಾಗದ ಇನ್ನೊಂದು ಚಿಕ್ಕ ಕೋಣೆ.

"ಅಡುಗೆಮನೆ ಇಷ್ಟೇನಾ?" ಎಂದು ನಾನು ಗಂಡನ ಕಿವಿಯಲ್ಲಿ ಹೇಳಿದೆ, ಕನ್ನಡ ಯಾರಿಗೆ ತಿಳಿಯುತ್ತದೆ ಎನ್ನುವ ಧೈರ್ಯದಲ್ಲಿ.

"ಇಷ್ಟೇ. ಇದರಲ್ಲೇ ಮೂವತ್ತು ವರ್ಷ ಮೀನು ಕಾಯಿಸಿದ್ದೇನೆ, ನೀವು ಅನ್ನ ಸಾರು ಮಾಡ್ಲಿಕ್ಕೆ ಎಂತ ಕಷ್ಟ?" ಎಂದರು ಆ ಮುದುಕಿ.

ನನ್ನ ಮುಖ ಕೆಂಪಾಯಿತು. ಅವರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಇಲ್ಲಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. "ಬಾಯಮ್ಮ ಅಂತ ಕರೀರಿ, ಊರಲ್ಲಿ ಎಲ್ಲ ಹಾಗೇ ಕರೆಯುದು" ಎಂದರು. ಮನೆ ತೋರಿಸಬೇಕಾದ ಏಜೆಂಟ್ ಹುಡುಗಿಯನ್ನು ಸೋಫಾದಲ್ಲಿ ಕೂರಿಸಿ, ತಾವೇ ಮನೆಯ ಹುಳುಕನ್ನೆಲ್ಲ ತೋರಿಸತೊಡಗಿದರು. ಈ ಕಿಟಕಿ ಚಳಿಗಾಲದಲ್ಲಿ ಬೆವರ್ತದೆ. ಈ ಗೋಡೆಯ ಹತ್ತಿರ ಬಟ್ಟೆ ಒಣಗಿಸ್ಬೇಡಿ, ಹಸಿರಾಗ್ತದೆ. ಬಸ್ಸಿನ ಬ್ರೇಕು ರಾತ್ರಿಯಿಡೀ ಕಿರುಚ್ತದೆ, "ನಂಗೆ ಮಾತ್ರ ಅದಿಲ್ಲದಿದ್ರೆ ನಿದ್ದೆ ಬರುದಿಲ್ಲ." ಕನ್ನಡ ಅರ್ಥವಾಗದಿದ್ದರೂ ಅವರ ಕೈ ಹೋಗುತ್ತಿದ್ದ ದಿಕ್ಕು ನೋಡಿ ಏಜೆಂಟ್ ಹುಡುಗಿಯ ಮುಖ ಬಾಡುತ್ತಿತ್ತು. ಮಾರುವವರೇ ಹೀಗೆ ಹೇಳಿದ ಮೇಲೆ ಇನ್ನೇನು ಮೋಸ ಇರಲು ಸಾಧ್ಯ? ಮಾರನೆಯ ದಿನವೇ ನಾವು ಬೆಲೆ ಹೇಳಿದೆವು, ಬಾಯಮ್ಮ ಒಪ್ಪಿದರು.

ಎಡವಟ್ಟು ಆದದ್ದು ಆಮೇಲೆ. ಮನೆ ಒಪ್ಪಿಗೆಯಾಯಿತು ಎಂದು ನನ್ನ ಗಂಡ ಮೈಸೂರಿಗೆ ಫೋನ್ ಮಾಡಿ ಹೇಳಿದರು. ನಮ್ಮ ಮಾವನವರ ಲೆಕ್ಕದಲ್ಲಿ ಮಾತಾಯಿತು ಎಂದರೆ ಮನೆ ಕೈಗೆ ಬಂದಂತೆಯೇ. ಸಂಜೆಯೊಳಗೆ ಪಂಚಾಂಗ ನೋಡಿಸಿ, ಲಂಡನ್ನಿನ ಸೂರ್ಯೋದಯಕ್ಕೆ ಹೊಂದಿಸಿ, ಮುಂದಿನ ಗುರುವಾರ ಬೆಳಿಗ್ಗೆ ಎಂಟಕ್ಕೆ ಹಾಲು ಉಕ್ಕಿಸುವ ಮುಹೂರ್ತ ಇಟ್ಟೇಬಿಟ್ಟರು. ಅದು ತಪ್ಪಿದರೆ ಆಷಾಢ. ಇಲ್ಲಿ ಕಾಗದಪತ್ರ ಮುಗಿದು ಬೀಗದ ಕೈ ಸಿಗಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು ಎಂದು ಎಷ್ಟು ಬಿಡಿಸಿ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಎಂಬತ್ತು ದಾಟಿದ ಮನುಷ್ಯ ಫೋನಿನಲ್ಲೇ ಗದ್ಗದರಾದರು.

ನಾಚಿಕೆ ಬಿಟ್ಟು ಬಾಯಮ್ಮನಿಗೆ ಫೋನ್ ಮಾಡಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ದನದ ಹಾಲು ಅಲ್ವಾ? ಎಷ್ಟು ಲೀಟರ್ ತರುದು?"

ಗುರುವಾರ ಹೋಗಿ ನೋಡಿದರೆ ಒಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಇನ್ನೂ ಚೀಟಿ ಕೀಳದ ಹೊಸ ಸ್ಟೀಲ್ ಪಾತ್ರೆ. "ಭಾನುವಾರದಿಂದ ಮೀನು ಮುಟ್ಟಲಿಲ್ಲ. ನಿಮ್ಮ ಮಾವನಿಗೆ ಹೇಳಿ" ಎಂದರು. ಅವರ ಮೀನಿನ ಒಲೆಯ ಬಗ್ಗೆ ಹಿಂದಿನ ರಾತ್ರಿ ನಾನು ಮೂಗು ಮುರಿದದ್ದು ನೆನಪಾಗಿ ತಲೆ ತಗ್ಗಿಸಿದೆ. ತೋಳಿನ ಗಡಿಯಾರ ನೋಡಿ "ಹಾಂ, ಈಗ ಹಚ್ಚಿ" ಎಂದು ಅವರೇ ಹೇಳಿದರು. ಹಾಲು ಉಕ್ಕಿ ಆ ಹೊಳೆಯುವ ಒಲೆಯ ಮೇಲೆಲ್ಲ ಹರಿಯಿತು. ನನಗಿಂತ ಮೊದಲು ಕೈ ಮುಗಿದವರು ಅವರು.

ನಮ್ಮ ಸಾಲ ಮಾತ್ರ ಕದಲಲಿಲ್ಲ. ಹಳೆಯ ಕಟ್ಟಡ, ಆ ದಾಖಲೆ ತನ್ನಿ, ಈ ದಾಖಲೆ ತನ್ನಿ ಎಂದು ಬ್ಯಾಂಕು ಸತಾಯಿಸಿತು. ಜುಲೈ ಅರ್ಧ ಕಳೆಯಿತು. ಯಾವುದೋ ಕಾಗದ ಕೇಳಲು ಒಂದು ಸಂಜೆ ಹೋದಾಗ ಬಾಯಮ್ಮ ಮಗನ ಜೊತೆ ಫೋನಿನಲ್ಲಿದ್ದರು. ಕೊಂಕಣಿಯಲ್ಲಿ ಜೋರು ಮಾತು. ನನಗೆ ತಿಳಿದ ಶಬ್ದ 'ದೂದ್' ಒಂದೇ. ಫೋನ್ ಇಟ್ಟು, ಏನೂ ಆಗದವರಂತೆ ಚಹಾಕ್ಕೆ ನೀರಿಟ್ಟರು.

"ಬೇರೆ ಯಾರೋ ಬಂದಿದ್ದಾರಂತೆ. ಸಾಲಗೀಲ ಬೇಡ, ಮುಂದಿನ ವಾರವೇ ತಗೊಳ್ತಾರಂತೆ. ಇವರನ್ನು ಬಿಡು ಅಂತಾನೆ ನನ್ನ ಮಗ."

"ನೀವೇನಂದ್ರಿ?"

"ಎಂತ ಹೇಳುದು? ಅವರು ಹಾಲು ಉಕ್ಕಿಸಿ ಆಗಿದೆ, ಇನ್ನು ಅವರದ್ದೇ ಮನೆ ಅಂದೆ. ಅವನಿಗೆ ಅದೆಲ್ಲ ಗೊತ್ತಾಗುದಿಲ್ಲ, ಇಲ್ಲೇ ಹುಟ್ಟಿದವ. ಸಕ್ಕರೆ ಎಷ್ಟು?"

ನಾನು ಅವರ ಅಡುಗೆಮನೆಯಲ್ಲಿ ನಿಂತು ಗಳಗಳನೆ ಅತ್ತುಬಿಟ್ಟೆ. ಅಷ್ಟು ಚಿಕ್ಕ ಜಾಗದಲ್ಲಿ ಅಳುವವಳನ್ನು ದಾಟಿ ಸಕ್ಕರೆ ಡಬ್ಬಿ ತೆಗೆಯಲು ಅವರಿಗೆ ಕಷ್ಟವಾಯಿತು.

ಆಗಸ್ಟ್ ಕೊನೆಯ ವಾರ ಕೀಲಿ ನಮ್ಮ ಕೈಗೆ ಬಂತು. ಬಾಯಮ್ಮ ಹ್ಯಾರೋದ ಆಚೆ ತುದಿಯಲ್ಲಿ, ವಯಸ್ಸಾದವರಿಗಾಗಿಯೇ ಇರುವ ಫ್ಲ್ಯಾಟಿಗೆ ಹೋದರು. ಆದರೆ ಹಳೆಯ ಚರ್ಚು ಬಿಡಲಿಲ್ಲ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಕಿಂಗ್ಸ್‌ಬರಿಗೆ ಬಂದು, ಪೂಜೆ ಮುಗಿಸಿ, ನಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ "ಕಾಫಿ ಉಂಟಾ?" ಎನ್ನುತ್ತಿದ್ದರು. ನನ್ನ ಮಗಳು ಇಂಗ್ಲಿಷಿನಲ್ಲಿ ಮಾತಾಡಿದರೆ ಇವರು ಹಟಕ್ಕೆ ಬಿದ್ದು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಅವಳ ಬಾಯಲ್ಲಿ ಈಗಲೂ 'ಎಂತ' ಬರುವುದು ಅವರಿಂದ. "ಅಷ್ಟು ದೂರ ಯಾಕೆ ಹೋಗಿ ಕೂತ್ರಿ, ಇಲ್ಲೇ ಎಲ್ಲಾದ್ರೂ ನೋಡ್ಬೇಕಿತ್ತು" ಎಂದು ನಾನು ಆಗಾಗ ಛೇಡಿಸುತ್ತಿದ್ದೆ. "ಮುದುಕರಿಗೆ ಬಸ್ಸು ಫ್ರೀ ಉಂಟಲ್ಲ, ತಿರುಗಾಡುದು" ಎಂದು ನಗುತ್ತಿದ್ದರು. ಐದು ವರ್ಷ ಹೀಗೇ ನಡೆಯಿತು. ಕಳೆದ ಚಳಿಗಾಲ ನ್ಯುಮೋನಿಯಾ ಬಂದು ತೀರಿಕೊಂಡರು.

ಅಂತ್ಯಕ್ರಿಯೆಯ ದಿನ ಅದೇ ಚರ್ಚಿನ ಮುಂದೆ ಅವರ ಮಗ ನನ್ನ ಪಕ್ಕ ಬಂದು ನಿಂತ. ರಸ್ತೆಯ ಆಚೆ ಬದಿಯ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ ನೆಲಮಹಡಿಯ ಒಂದು ಕಿಟಕಿ ತೋರಿಸಿದ. ಅಮ್ಮನಿಗೆ ಮೊದಲು ಸಿಕ್ಕಿದ್ದ ಮನೆ ಅದು ಎಂದು ಇಂಗ್ಲಿಷಿನಲ್ಲಿ ಹೇಳಿದ. ಜುಲೈ ಮುಗಿಯುವುದರೊಳಗೆ ತಮ್ಮ ಹಳೆಯ ಫ್ಲ್ಯಾಟನ್ನು ಮಾರಿದ್ದರೆ ಅದು ಅವರದಾಗುತ್ತಿತ್ತು. ನಮಗಾಗಿ ಕಾದರು, ಅದು ಬೇರೆಯವರ ಪಾಲಾಯಿತು. ಈ ವಿಷಯ ನಮ್ಮ ಕಿವಿಗೆ ಬೀಳಬಾರದೆಂದು ಮಗನಿಂದ ಆಣೆ ಮಾಡಿಸಿಕೊಂಡಿದ್ದರಂತೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಚರ್ಚಿನ ಬಾಗಿಲಿಂದ ಆ ಮನೆಯ ಬಾಗಿಲಿಗೆ ರಸ್ತೆ ದಾಟಿದರೆ ಮುಗಿಯಿತು. ಚಳಿಯಲ್ಲಿ, ಮಳೆಯಲ್ಲಿ, ಐದು ವರ್ಷದ ಭಾನುವಾರಗಳಲ್ಲಿ ಬಾಯಮ್ಮ ಅದರ ಮುಂದೆಯೇ ನಡೆದು ನಮ್ಮ ಮನೆಗೆ ಬಂದಿದ್ದರು. ಎಷ್ಟೋ ಸಲ ನಾನೇ ಅವರ ಕೈ ಹಿಡಿದು, ಚರ್ಚಿನ ಆಚೆಗಿದ್ದ ಹ್ಯಾರೋ ಬಸ್ಸಿನ ಸ್ಟಾಪಿಗೆ ಬಿಡಲು ಆ ದಾರಿಯಲ್ಲಿ ಬಂದಿದ್ದೇನೆ. ಒಂದು ದಿನವೂ ಅವರು ಆ ಕಿಟಕಿಯ ಕಡೆ ತಿರುಗಿ ನೋಡಿರಲಿಲ್ಲ.